ಪೆಲೆಟ್ಟೇ ಇಲ್ಲ, ವೀರ್ಯಾಣು ಎಲ್ಲಿ ಹೋದವು? ಸ್ಪರ್ಮ್ ಪ್ರಿಪರೇಷನ್ ಕೆಟ್ಟಾಗ ಹುಡುಕುವ ದಾರಿ

ಸ್ಪರ್ಮ್ ಪ್ರಿಪರೇಷನ್ ಅಂದರೆ ಸಂತಾನ ಚಿಕಿತ್ಸೆಗಾಗಿ ವೀರ್ಯ ತೊಳೆದು (ವಾಶ್ ಮಾಡಿ), ಚೆನ್ನಾಗಿ ಈಜುವ ವೀರ್ಯಾಣುಗಳನ್ನು ಬೇರೆ ಮಾಡೋದು. ಈ ಕೆಲಸ ನಡೆಯುವ ಆಂಡ್ರಾಲಜಿ ಲ್ಯಾಬ್‌ನಲ್ಲಿ ಜೂನಿಯರ್‌ಗಳ ಬಾಯಲ್ಲಿ ಜಾಸ್ತಿ ಕೇಳಿಬರುವ ಮಾತು ಎರಡು. ಒಂದು, "ಮೇಡಂ, ಪೆಲೆಟ್ಟೇ ಕಾಣ್ತಿಲ್ಲ." ಇನ್ನೊಂದು, "ಸರ್, ವಾಶ್ ಆದ್ಮೇಲೆ ಮೊಟಿಲಿಟಿ ಬಿದ್ದೋಯ್ತು." ಪೆಲೆಟ್ ಅಂದರೆ ಸೆಂಟ್ರಿಫ್ಯೂಜ್ ಮಷಿನ್‌ನಲ್ಲಿ ಗರಗರ ತಿರುಗಿಸಿದಾಗ ಟ್ಯೂಬಿನ ತಳದಲ್ಲಿ ಕೂರುವ ವೀರ್ಯಾಣುಗಳ ಮುದ್ದೆ, ಮೊಟಿಲಿಟಿ ಅಂದರೆ ಅವುಗಳ ಚಲನೆ. ಇಷ್ಟು ಹೇಳುವ ಹೊತ್ತಿಗೆ ಮೇಲಿನ ದ್ರವವೆಲ್ಲ ಡಿಸ್ಕಾರ್ಡ್ ಡಬ್ಬಿ ಸೇರಿರುತ್ತದೆ. ಅದರ ಜೊತೆ ಏನಾಯಿತು ಅಂತ ತಿಳಿಯುವ ದಾರಿಯೂ ಮುಚ್ಚಿತು.

ಹಾಗಾಗಿ ಮೊದಲ ಮಾತು ಇದು. ತೊಳೆದ ಸ್ಯಾಂಪಲ್ ಎಣಿಸಿ, ಸರಿಯಿದೆ ಅಂತ ಖಾತ್ರಿ ಆಗುವವರೆಗೆ ಒಂದು ಪದರವನ್ನೂ ಚೆಲ್ಲಬೇಡಿ. ಮೇಲಿನ ವೀರ್ಯದ ಪದರ, ನಡುವಿನ ಗೆರೆ, ಕೆಳಗಿನ ಗ್ರೇಡಿಯೆಂಟ್ (ವೀರ್ಯಾಣು ಸೋಸುವ ಗಟ್ಟಿ ದ್ರವದ ಪದರಗಳು), ವಾಶ್ ಮಾಡಿದ ನೀರು, ಎಲ್ಲವನ್ನೂ ಬೇರೆ ಬೇರೆ ಟ್ಯೂಬಿಗೆ ತೆಗೆದು, ಹೆಸರು ಬರೆದು ಸ್ಟ್ಯಾಂಡಿನಲ್ಲಿಡಿ. ವೀರ್ಯಾಣು ಮಾಯ ಆಗಲ್ಲ. ಎಲ್ಲೋ ಒಂದು ಕಡೆ ಇರಲೇಬೇಕು. ಅವು ಯಾವ ಪದರದಲ್ಲಿ ಸಿಕ್ಕಿಕೊಂಡಿವೆ ಅನ್ನೋದು ತಪ್ಪು ಎಲ್ಲಾಯಿತು ಅಂತ ಹೇಳುತ್ತದೆ. ಸೆಂಟ್ರಿಫ್ಯೂಜ್ ಬೈದು, ಮೀಡಿಯಂ (ವೀರ್ಯಾಣು ತೊಳೆದು ಇಡುವ ದ್ರವ) ಬ್ಯಾಚ್ ಬೈದು, ಕೊನೆಗೆ ಪೇಶಂಟನ್ನೇ ಬೈಯುವ ಬದಲು ನಾಲ್ಕು ಸ್ಲೈಡ್ ನೋಡಿದರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಇರುತ್ತದೆ.

ನಿಜಕ್ಕೂ ದೋಷ ಇದೆಯಾ?

ಬಹಳ ಸಲ ಪ್ರಿಪರೇಷನ್ ಸರಿಯಾಗೇ ಇರುತ್ತದೆ, ನಮ್ಮ ನಿರೀಕ್ಷೆ ಜಾಸ್ತಿ ಇರುತ್ತದೆ. 60 ಮಿಲಿಯನ್ ಇದ್ದದ್ದು ತೊಳೆದ ಮೇಲೆ 10ಕ್ಕೆ ಇಳಿಯಿತು ಅಂತ ಗಾಬರಿ ಬೀಳುವ ಮೊದಲು ಒಂದು ಲೆಕ್ಕ ಮಾಡಿ. ಚುರುಕಾಗಿ ಮುಂದಕ್ಕೆ ಈಜುವ ವೀರ್ಯಾಣು ಮೊದಲು ಒಟ್ಟು ಎಷ್ಟಿದ್ದವು, ಕೊನೆಗೆ ಎಷ್ಟು ಸಿಕ್ಕವು?

ಒಂದು ಉದಾಹರಣೆ. ಗ್ರೇಡಿಯೆಂಟ್ ಮೇಲೆ 1 ಮಿ.ಲೀ. ವೀರ್ಯ ಹಾಕಿದ್ದೀರಿ. ಮಿ.ಲೀ.ಗೆ 40 ಮಿಲಿಯನ್, ಅದರಲ್ಲಿ 50 ಪರ್ಸೆಂಟ್ ಮುಂದಕ್ಕೆ ಈಜುತ್ತಿವೆ. ಅಂದರೆ ಹಾಕಿದ್ದು 20 ಮಿಲಿಯನ್. ಕೊನೆಯಲ್ಲಿ 0.5 ಮಿ.ಲೀ. ಇದೆ, ಮಿ.ಲೀ.ಗೆ 12 ಮಿಲಿಯನ್, 90 ಪರ್ಸೆಂಟ್ ಈಜುತ್ತಿವೆ. ಸಿಕ್ಕಿದ್ದು 5.4 ಮಿಲಿಯನ್. ರಿಕವರಿ 27 ಪರ್ಸೆಂಟ್. ಇದು ಒಳ್ಳೆಯ ಫಲಿತಾಂಶವೇ. ಸಾಮಾನ್ಯವಾಗಿ ಗ್ರೇಡಿಯೆಂಟ್‌ನಲ್ಲಿ 20 ಪರ್ಸೆಂಟಿಗಿಂತ ಜಾಸ್ತಿ ಸಿಗುತ್ತದೆ, ವೀರ್ಯಾಣು ತಾವೇ ಮೇಲಿನ ಮೀಡಿಯಂಗೆ ಈಜಿ ಬರುವ ಸ್ವಿಮ್‌ಅಪ್ ವಿಧಾನದಲ್ಲಿ 20ಕ್ಕಿಂತ ಕಡಿಮೆ. ಸ್ವಿಮ್‌ಅಪ್‌ನಿಂದ 50 ಪರ್ಸೆಂಟ್ ನಿರೀಕ್ಷಿಸಿ ಬೇಜಾರು ಮಾಡಿಕೊಂಡರೆ ಅದು ಸ್ವಿಮ್‌ಅಪ್ ತಪ್ಪಲ್ಲ.

ಈ ಒಂದು ಸಂಖ್ಯೆಯನ್ನು ಪ್ರತಿ ಸ್ಯಾಂಪಲ್‌ಗೂ ರಿಜಿಸ್ಟರ್‌ನಲ್ಲಿ ಬರೆಯಿರಿ. ಒಬ್ಬ ಪೇಶಂಟ್‌ಗೆ ಮಾತ್ರ ಬಿದ್ದಿದ್ದರೆ ದೋಷ ಸ್ಯಾಂಪಲ್‌ನಲ್ಲಿ. ಎಲ್ಲರಿಗೂ ಬಿದ್ದಿದ್ದರೆ ಲ್ಯಾಬ್‌ನಲ್ಲಿ. ಒಬ್ಬ ಟೆಕ್ನಿಷಿಯನ್ ಕೈಯಲ್ಲಿ ಮಾತ್ರ ಬೀಳುತ್ತಿದ್ದರೆ, ಪಕ್ಕ ನಿಂತು ಅವರು ಮಾಡೋದನ್ನ ನೋಡಿ.

ರಿಕವರಿ 100 ಪರ್ಸೆಂಟ್ ದಾಟಿತು ಅಂದುಕೊಳ್ಳಿ. ಖುಷಿ ಪಡುವ ವಿಷಯ ಅಲ್ಲ. ಹಾಕಿದ್ದಕ್ಕಿಂತ ಜಾಸ್ತಿ ಬರೋಕೆ ಸಾಧ್ಯವೇ ಇಲ್ಲ. ಒಂದೋ ಎಣಿಕೆ ತಪ್ಪು, ಇಲ್ಲವೇ ಟ್ಯೂಬ್ ಅದಲು ಬದಲು. ಅಲ್ಲೇ ನಿಲ್ಲಿಸಿ. ಡಬ್ಬಿ, ಟ್ಯೂಬ್, ಫಾರಂ, ವಿಟ್ನೆಸ್ ಸಹಿ ಎಲ್ಲ ತಾಳೆ ನೋಡುವವರೆಗೆ ಆ ಸ್ಯಾಂಪಲ್ ಲ್ಯಾಬ್‌ನಿಂದ ಹೊರಗೆ ಹೋಗಬಾರದು. ಲೆಕ್ಕ ಸ್ವಲ್ಪ ಅನುಮಾನ ಹುಟ್ಟಿಸಿದರೂ ಇದೇ ನಿಯಮ.

ಎಣಿಕೆ ತಪ್ಪುವುದಕ್ಕೆ ಮೇಕ್ಲರ್ ಚೇಂಬರ್ (ವೀರ್ಯಾಣು ಎಣಿಸುವ ಗಾಜಿನ ಸಾಧನ) ಹೇಳಿ ಮಾಡಿಸಿದ ಜಾಗ. ಅದರ ಆಳ 10 ಮೈಕ್ರಾನ್ ಮಾತ್ರ. ಹನಿ ದೊಡ್ಡದಾದರೆ ಅಥವಾ ಧೂಳಿನ ಒಂದು ಕಣ ಕೂತರೆ ಮುಚ್ಚಳ ಎದ್ದು ನಿಲ್ಲುತ್ತದೆ, ಎಣಿಕೆ ಏರುತ್ತದೆ. ಮುಚ್ಚಳ ಸರಿಯಾಗಿ ಕೂತಿದ್ದರೆ ನಾಲ್ಕು ಪಿನ್‌ಗಳ ಮೇಲೆ ಬಣ್ಣ ಬಣ್ಣದ ಉಂಗುರ ಕಾಣುತ್ತದೆ. ಚೇಂಬರನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಾಲ್ಕರಲ್ಲಿ ಒಂದು ಕಡೆ ಉಂಗುರ ಇಲ್ಲದಿದ್ದರೆ ತೊಳೆದು ಒರೆಸಿ ಮತ್ತೆ ಹಾಕಿ. ಇನ್ನು ಎಸಿ ಗಾಳಿಗೆ ತಣ್ಣಗಾದ ಸ್ಲೈಡ್ ಮೇಲೆ ಮೊಟಿಲಿಟಿ ನೋಡಿದರೆ ಒಳ್ಳೆಯ ಸ್ಯಾಂಪಲ್ಲೂ ಸೋಮಾರಿಯಾಗಿ ಕಾಣುತ್ತದೆ. ಸ್ಲೈಡ್ ಬೆಚ್ಚಗಿಡುವ ಸ್ಟೇಜ್ ವಾರ್ಮರ್ ಇದ್ದರೆ 37 ಡಿಗ್ರಿ ಬಂದ ಮೇಲೆ ನೋಡಿ.

ಯಾವ ಪದರದಲ್ಲಿ ಸಿಕ್ಕಿಕೊಂಡಿವೆ?

ಗ್ರೇಡಿಯೆಂಟ್ ಕೆಲಸ ಎಲ್ಲರಿಗೂ ಗೊತ್ತಿರೋದೇ. ಕೆಳಗೆ 80 ಪರ್ಸೆಂಟ್‌ನ ಗ್ರೇಡಿಯೆಂಟ್ ದ್ರವ 1 ಮಿ.ಲೀ., ಅದರ ಮೇಲೆ 40 ಪರ್ಸೆಂಟ್ 1 ಮಿ.ಲೀ., ಅದರ ಮೇಲೆ 1 ಮಿ.ಲೀ. ವೀರ್ಯ. 300ರಿಂದ 400 ಜಿ (ಭೂಮಿಯ ಗುರುತ್ವದ ಅಷ್ಟು ಪಟ್ಟು) ಬಲದಲ್ಲಿ 15ರಿಂದ 30 ನಿಮಿಷ. ಚೆನ್ನಾಗಿ ಬಲಿತ, ತಲೆ ಗಟ್ಟಿಯಾದ ವೀರ್ಯಾಣು ಭಾರ ಜಾಸ್ತಿ, ತಳ ಸೇರುತ್ತವೆ. ಬಲಿಯದವು, ಸತ್ತವು, ಬಿಳಿ ರಕ್ತಕಣ, ಕಸ ಎಲ್ಲ ನಡುವೆ ನಿಲ್ಲುತ್ತವೆ. ಕೆಲವು ಕಂಪನಿಗಳ ಬಾಟಲಿ 45 ಮತ್ತು 90 ಅಂತ ಬರುತ್ತದೆ, ತತ್ವ ಅದೇ.

ಈಗ ಎಲ್ಲ ಪದರದಿಂದ ಒಂದೊಂದು ಹನಿ ತೆಗೆದು ಸ್ಲೈಡ್ ಮೇಲೆ ಹಾಕಿ.

ಈಜುವ ವೀರ್ಯಾಣು ಮೇಲಿನ ವೀರ್ಯದಲ್ಲೇ ಉಳಿದಿದ್ದರೆ, ಮೊದಲ ಅನುಮಾನ ಗಟ್ಟಿತನದ ಮೇಲೆ. ಪಿಪೆಟ್‌ನಿಂದ ಹನಿ ಬಿಡಿ. 2 ಸೆಂ.ಮೀ.ಗಿಂತ ಉದ್ದ ನೂಲು ಎಳೆದರೆ ಆ ಸ್ಯಾಂಪಲ್ ಗ್ರೇಡಿಯೆಂಟ್‌ಗೆ ಇಳಿಯೋದು ಕಷ್ಟ. ಸೆಂಟ್ರಿಫ್ಯೂಜ್‌ನಿಂದ ತೆಗೆದಾಗ ಮೇಲಿನ ಪದರ ಒಂದೇ ಗಂಟಾಗಿ, ಪಿಪೆಟ್ ತುದಿಗೆ ಅಂಟಿಕೊಂಡು ಇಡಿಯಾಗಿ ಮೇಲೆ ಬರುತ್ತದೆ. ಇದನ್ನು ಒಂದು ಸಲ ಕಣ್ಣಾರೆ ನೋಡಿದವರು ಮತ್ತೆ ಮರೆಯಲ್ಲ. ಪರಿಹಾರ ಸ್ಪಿನ್‌ಗೆ ಮುಂಚೆ ಮಾಡಬೇಕು. ಸಮ ಪ್ರಮಾಣದ ಮೀಡಿಯಂ ಸೇರಿಸಿ ಮೆಲ್ಲಗೆ ಮೇಲೆ ಕೆಳಗೆ ಎಳೆಯಿರಿ. ಆಗಲಿಲ್ಲವಾ, 18 ಅಥವಾ 19 ಗೇಜ್‌ನ ಮೊಂಡು ಸೂಜಿಯಲ್ಲಿ 6ರಿಂದ 10 ಸಲ ನಿಧಾನವಾಗಿ ಹಾಯಿಸಿ. ಸಣ್ಣ ಸೂಜಿ ಹಾಕಿ ರಭಸವಾಗಿ ಒತ್ತಬೇಡಿ, ಬಾಲ ಮುರಿಯುತ್ತದೆ. ಬ್ರೋಮಿಲೇನ್‌ನಂಥ ಎಂಜೈಮ್ ಕೂಡ ಇದೆ. ಆದರೆ ಅದು ಮುಖ್ಯವಾಗಿ ಪರೀಕ್ಷೆಗೆ ಒಳ್ಳೆಯದು, ಚಿಕಿತ್ಸೆಗೆ ಬಳಸುವ ಸ್ಯಾಂಪಲ್‌ಗೆ ಕೊನೆಯ ದಾರಿ ಅನ್ನೋದು ನನ್ನ ಅಭಿಪ್ರಾಯ.

ಇಲ್ಲಿ ಅವಸರವೂ ಒಂದು ಕಾರಣ. ವೀರ್ಯ ತೆಳುವಾಗೋಕೆ ಸಾಮಾನ್ಯವಾಗಿ 15ರಿಂದ 30 ನಿಮಿಷ, ಕೆಲವೊಮ್ಮೆ 60 ನಿಮಿಷ ಬೇಕು. ಡಾಕ್ಟರ್ ಕಾಯ್ತಿದ್ದಾರೆ ಅಂತ ಹತ್ತು ನಿಮಿಷಕ್ಕೇ ಗ್ರೇಡಿಯೆಂಟ್ ಮೇಲೆ ಸುರಿದರೆ ಈ ಗತಿ ಬರುತ್ತದೆ.

ಈಜುವ ವೀರ್ಯಾಣು 40 ಮತ್ತು 80ರ ನಡುವಿನ ಗೆರೆಯಲ್ಲಿ ದಂಡಿಯಾಗಿ ಸಿಕ್ಕರೆ ಕಥೆ ಬೇರೆ. ನೆನಪಿಡಿ, ಅಲ್ಲಿ ಸತ್ತವು, ಬಲಿಯದವು ಇರೋದು ಸಹಜ. ಚುರುಕಾದವು ಇರಬಾರದು. ಇದ್ದರೆ ಅವು ತಳ ಮುಟ್ಟೋಕೆ ತಳ್ಳು ಸಾಲಲಿಲ್ಲ ಅಂತ ಅರ್ಥ, ಇಲ್ಲವೇ ಕೆಳಗಿನ ಪದರ ಇರಬೇಕಾದ್ದಕ್ಕಿಂತ ಗಟ್ಟಿಯಾಗಿದೆ.

ಮೊದಲು ತಳ್ಳು ನೋಡೋಣ. ಜಾಸ್ತಿ ತಪ್ಪು ಆಗೋದು ಇಲ್ಲೇ. ಪ್ರೊಟೊಕಾಲ್‌ನಲ್ಲಿ ಯಾರೋ "1300 ಆರ್‌ಪಿಎಂ, 20 ನಿಮಿಷ" ಅಂತ ಬರೆದಿಟ್ಟಿರುತ್ತಾರೆ. ಅದು ಹಳೆಯ ಸೆಂಟ್ರಿಫ್ಯೂಜ್‌ನ ಸಂಖ್ಯೆ. ಮಷಿನ್ ಬದಲಾಯಿತು, ಗೋಡೆ ಮೇಲಿನ ಹಾಳೆ ಬದಲಾಗಲಿಲ್ಲ. ಆರ್‌ಪಿಎಂ ಅಂದರೆ ಎಷ್ಟು ಸುತ್ತು ಅಂತ ಮಾತ್ರ. ವೀರ್ಯಾಣು ಮೇಲೆ ಬೀಳುವ ಬಲ ರೋಟರ್‌ನ ತ್ರಿಜ್ಯದ ಮೇಲೂ ನಿಂತಿದೆ. ಸೂತ್ರ ಹೀಗಿದೆ:

ಜಿ = 0.00001118 × ತ್ರಿಜ್ಯ (ಸೆಂ.ಮೀ.) × ಆರ್‌ಪಿಎಂ × ಆರ್‌ಪಿಎಂ

ತ್ರಿಜ್ಯ 16 ಸೆಂ.ಮೀ. ಇರುವ ಮಷಿನ್‌ನಲ್ಲಿ 300 ಜಿ ಬೇಕಾದರೆ ಸುಮಾರು 1295 ಆರ್‌ಪಿಎಂ ಸಾಕು. ಅದೇ 1295ನ್ನು 10 ಸೆಂ.ಮೀ. ತ್ರಿಜ್ಯದ ಪುಟಾಣಿ ಟೇಬಲ್‌ಟಾಪ್ ಮಷಿನ್‌ನಲ್ಲಿ ಇಟ್ಟರೆ ಸಿಗೋದು 190 ಜಿ ಕೂಡ ಅಲ್ಲ. ವೀರ್ಯಾಣು ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ಚಿಕ್ಕ ಮಷಿನ್‌ನಲ್ಲಿ 300 ಜಿ ಬೇಕಾದರೆ ಸುಮಾರು 1640 ಆರ್‌ಪಿಎಂ ಇಡಬೇಕು. ಈ 1640ನ್ನು ದೊಡ್ಡ ಮಷಿನ್‌ನಲ್ಲಿ ಹಾಕಿದರೆ 480 ಜಿ ದಾಟುತ್ತದೆ. ಆಗ ತಡೆಯಬೇಕಾದ ಕಸವೂ ತಳಕ್ಕೆ ನುಗ್ಗುತ್ತದೆ. ಸ್ಕೇಲ್ ತೆಗೆದುಕೊಂಡು, ಬಕೆಟ್ ಅಡ್ಡ ಚಾಚಿದ ಸ್ಥಿತಿಯಲ್ಲಿ ರೋಟರ್ ನಡುವಿನಿಂದ ಟ್ಯೂಬಿನ ತಳದವರೆಗೆ ಅಳೆಯಿರಿ. ಮಷಿನ್ ಮೇಲೆ ಜಿ ಮತ್ತು ಆರ್‌ಪಿಎಂ ಎರಡನ್ನೂ ಬರೆದ ಸ್ಟಿಕ್ಕರ್ ಅಂಟಿಸಿ. ಡಿಸ್‌ಪ್ಲೇ ತೋರಿಸುವ ವೇಗ ನಿಜವಾ ಅಂತ ಟ್ಯಾಕೊಮೀಟರ್ ಹಿಡಿಸಿ ವರ್ಷಕ್ಕೊಮ್ಮೆಯಾದರೂ ನೋಡಿಸಿ.

ಬಲ ಸರಿ ಇದೆ ಅಂದರೆ ಗ್ರೇಡಿಯೆಂಟ್ ಬಾಟಲಿ ಕಡೆ ತಿರುಗಿ. ಅದು ಸಿಲಿಕಾದ ಸಣ್ಣ ಕಣಗಳು ತೇಲುತ್ತಿರುವ ದ್ರವ. ಫ್ರಿಜ್ಜಿನಲ್ಲಿ ಫ್ರೀಜರ್ ಪಕ್ಕಕ್ಕೆ ತಳ್ಳಿಟ್ಟು ಒಮ್ಮೆ ಹೆಪ್ಪುಗಟ್ಟಿದರೆ ಕಣಗಳು ಒಟ್ಟುಗೂಡಿ ಬಾಟಲಿ ಕೆಟ್ಟುಹೋಯಿತು. ಕರಗಿದ ಮೇಲೆ ನೋಡೋಕೆ ಪರವಾಗಿಲ್ಲ ಅನ್ನಿಸಬಹುದು, ಬಳಸಬೇಡಿ. ಮುಚ್ಚಳ ಸಡಿಲ ಬಿಟ್ಟ ಬಾಟಲಿಯಲ್ಲಿ ನೀರು ಆರಿ ದ್ರವ ಗಟ್ಟಿಯಾಗುತ್ತದೆ. ಲ್ಯಾಬ್‌ನಲ್ಲೇ 100 ಪರ್ಸೆಂಟ್‌ನಿಂದ 80 ಮಾಡಿಕೊಳ್ಳುವವರಿದ್ದರೆ ಯಾರು, ಯಾವತ್ತು, ಯಾವ ಮೀಡಿಯಂ ಸೇರಿಸಿ ಮಾಡಿದರು ಅಂತ ಬಾಟಲಿ ಮೇಲೆ ಬರೆದಿರಬೇಕು. ಫ್ರಿಜ್ಜಿನಿಂದ ತೆಗೆದ ತಕ್ಷಣ ಪದರ ಹಾಕುವ ಅಭ್ಯಾಸವನ್ನೂ ಬಿಡಿ. ತಣ್ಣನೆ ದ್ರವ ಗಟ್ಟಿಯೂ ಹೌದು, ವೀರ್ಯಾಣುಗೆ ಪೆಟ್ಟೂ ಹೌದು. ಕೋಣೆಯ ಬಿಸಿಗೆ ಅಥವಾ 37 ಡಿಗ್ರಿಗೆ ಬರುವವರೆಗೆ ಕಾಯಿರಿ.

ಒಂದು ಅಡ್ಡಮಾತು. ಹಳೆಯ ನೋಟ್ಸ್‌ಗಳಲ್ಲಿ ಪರ್ಕಾಲ್ ಅನ್ನುವ ಹೆಸರು ಕಾಣುತ್ತದೆ. ಅದು ಬೇರೆ ಪದಾರ್ಥದ ಲೇಪ ಇರುವ ಸಿಲಿಕಾ. 1996ರಲ್ಲಿ ತಯಾರಕರೇ ಅದನ್ನು ಸಂತಾನ ಚಿಕಿತ್ಸೆಯ ಬಳಕೆಯಿಂದ ಹಿಂದಕ್ಕೆ ತೆಗೆದುಕೊಂಡರು. ಈಗಿನವು ಸಿಲೇನ್ ಲೇಪದ ಸಿಲಿಕಾ. ಸಂಶೋಧನೆಗೆ ಮಾತ್ರ ಅಂತ ಬರೆದ ಬಾಟಲಿ ಕೈಗೆ ಬಂದರೆ ಅದನ್ನು ಪೇಶಂಟ್ ಸ್ಯಾಂಪಲ್‌ಗೆ ಬಳಸುವ ಹಾಗಿಲ್ಲ.

ಗೆರೆಯಲ್ಲಿ ಸಿಕ್ಕಿಕೊಳ್ಳೋಕೆ ಇನ್ನೊಂದು ಕಾರಣ ಅತಿಯಾಸೆ. 3 ಮಿ.ಲೀ. ವೀರ್ಯವನ್ನು ಒಂದೇ ಟ್ಯೂಬಿಗೆ ಹೇರಿದರೆ ಗೆರೆಯಲ್ಲಿ ಕಸ ಮತ್ತು ಸತ್ತ ವೀರ್ಯಾಣು ಸೇರಿ ದಟ್ಟ ಪದರ ಕಟ್ಟುತ್ತದೆ. ಹಬ್ಬದ ಹಿಂದಿನ ಸಂಜೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಬಾಗಿಲ ಹತ್ತಿರ ನಿಂತ ಜನರ ಹಾಗೆ ಅದು, ಒಳಗೆ ಜಾಗ ಇದ್ದರೂ ಯಾರೂ ಹೋಗೋಕಾಗಲ್ಲ. ಎಣಿಕೆ ಜಾಸ್ತಿ ಇರುವ ಸ್ಯಾಂಪಲ್ಲನ್ನು ಎರಡು ಮೂರು ಟ್ಯೂಬಿಗೆ ಹಂಚಿ.

ಪೆಲೆಟ್ ದಪ್ಪಗೆ ಬಂದಿದೆ, ಆದರೆ ಸ್ಲೈಡ್ ತುಂಬಾ ಕಸ, ದುಂಡು ಕಣ, ಸತ್ತವು. ಇದು ಮೇಲಿನದರ ಉಲ್ಟಾ. ವೇಗ ಜಾಸ್ತಿ ಆಗಿದೆ, ಇಲ್ಲವೇ ಪದರಗಳು ಬೆರೆತಿವೆ. ವೀರ್ಯ ಹಾಕುವ ಮುಂಚೆ ಟ್ಯೂಬನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ 40 ಮತ್ತು 80ರ ನಡುವೆ ಸ್ಪಷ್ಟ ಗೆರೆ ಕಾಣಬೇಕು. ಕಾಣದಿದ್ದರೆ ಚೆಲ್ಲಿ ಹೊಸದು ಹಾಕಿ. ಬೆಳಿಗ್ಗೆ ಬಂದ ತಕ್ಷಣ ಇಡೀ ದಿನದ ಗ್ರೇಡಿಯೆಂಟ್ ಹಾಕಿಟ್ಟು ಮಧ್ಯಾಹ್ನ ಬಳಸುವ ಲ್ಯಾಬ್‌ಗಳಿವೆ. ಅಷ್ಟು ಹೊತ್ತಿಗೆ ಗೆರೆ ಮಸುಕಾಗಿರುತ್ತದೆ. ಸೆಂಟ್ರಿಫ್ಯೂಜ್ ಬ್ರೇಕ್ ಆನ್ ಇದೆಯಾ ಅಂತಲೂ ನೋಡಿ. ಗಕ್ಕನೆ ನಿಂತರೆ ಪದರ ಕಲಕುತ್ತದೆ, ಬ್ರೇಕ್ ಆಫ್ ಮಾಡಿ ತಾನಾಗೇ ನಿಲ್ಲೋಕೆ ಬಿಡಿ.

ಪೆಲೆಟ್ ತೆಗೆಯುವ ಕೈಯೂ ಮುಖ್ಯ. ಟ್ಯೂಬಿನ ಗೋಡೆಗೆ ಮೇಲಿನ ವೀರ್ಯದ ಲೇಪ ಅಂಟಿರುತ್ತದೆ. ಅದೇ ಪಿಪೆಟ್‌ನಲ್ಲಿ, ಅದೇ ಟ್ಯೂಬಿನಲ್ಲಿ ವಾಶ್ ಮಾಡಿದರೆ ತೆಗೆದ ಕೊಳೆಯನ್ನೇ ವಾಪಸ್ ಬೆರೆಸಿದಂತೆ. ಮೇಲಿಂದ ಒಂದೊಂದೇ ಪದರ ತೆಗೆಯಿರಿ. ಆಮೇಲೆ ಹೊಸ ಪಿಪೆಟ್‌ನಿಂದ ಪೆಲೆಟ್ ಮಾತ್ರ ಎತ್ತಿ ಹೊಸ ಟ್ಯೂಬಿಗೆ ಹಾಕಿ. ಇದು ಬರೀ ಶುಚಿತ್ವದ ಮಾತಲ್ಲ. ಇಟಲಿಯ ಮಿಲಾನ್‌ನಲ್ಲಿ ಎನ್ರಿಕೊ ಸೆಂಪ್ರಿನಿ ಮತ್ತು ಅವರ ತಂಡ ಎಚ್‌ಐವಿ ಇರುವ ಗಂಡಂದಿರ ವೀರ್ಯ ತೊಳೆದು, ಎಚ್‌ಐವಿ ಇಲ್ಲದ ಹೆಂಡತಿಯರಿಗೆ ಐಯುಐ (ತೊಳೆದ ವೀರ್ಯಾಣುವನ್ನು ನೇರ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಮಾಡಿದ್ದನ್ನು 1992ರಲ್ಲಿ ವರದಿ ಮಾಡಿತು. ವೀರ್ಯಾಣುವನ್ನು ವೀರ್ಯದ್ರವ ಮತ್ತು ಬೇರೆ ಕಣಗಳಿಂದ ಪೂರ್ತಿ ಬಿಡಿಸಿಕೊಳ್ಳುವುದರ ಮೇಲೇ ಆ ಕೆಲಸ ನಿಂತಿತ್ತು.

ಗ್ರೇಡಿಯೆಂಟ್ ಆದಾಗ ಪೆಲೆಟ್ ಚೆನ್ನಾಗಿತ್ತು, ವಾಶ್ ಆದ ಮೇಲೆ ಇಲ್ಲ. ಹಾಗಿದ್ದರೆ ವಾಶ್ ನೀರನ್ನು ನೋಡಿ, ಅಲ್ಲೇ ಈಜಾಡುತ್ತಿರುತ್ತವೆ. ವಾಶ್‌ಗೆ 5 ಮಿ.ಲೀ. ಮೀಡಿಯಂ, 200 ಜಿ, 4ರಿಂದ 10 ನಿಮಿಷ ಸಾಮಾನ್ಯ ಪದ್ಧತಿ. ಇಷ್ಟು ಮೆಲ್ಲನೆ ತಿರುಗಿಸಿದಾಗ ಪೆಲೆಟ್ ಗಟ್ಟಿಯಾಗಿ ಕೂರಲ್ಲ. ಮಷಿನ್ ನಿಂತ ಮೇಲೆ ಟ್ಯೂಬನ್ನು ಅಲ್ಲೇ ಬಿಟ್ಟು ಫೋನ್ ಎತ್ತೋಕೆ ಹೋದರೆ ಚುರುಕಾದ ವೀರ್ಯಾಣು ಪೆಲೆಟ್ ಬಿಟ್ಟು ಮೇಲೆ ಈಜುತ್ತವೆ. ಕಳೆದುಹೋಗೋದು ಅತ್ಯುತ್ತಮವಾದವೇ! ನಿಂತ ಕೂಡಲೇ ತೆಗೆದು ಮೇಲಿನ ದ್ರವವನ್ನು ಪಿಪೆಟ್‌ನಿಂದ ಎಳೆಯಿರಿ. ಟ್ಯೂಬ್ ಬಗ್ಗಿಸಿ ಸುರಿಯಬೇಡಿ. ಎಣಿಕೆ ಕಡಿಮೆ ಇರುವ ಸ್ಯಾಂಪಲ್‌ನಲ್ಲಿ ಪೆಲೆಟ್ ಬರಿಗಣ್ಣಿಗೆ ಕಾಣಲ್ಲ. ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ. ತಳದ 0.3 ಮಿ.ಲೀ. ಬಿಟ್ಟು ಉಳಿದದ್ದು ಮಾತ್ರ ತೆಗೆಯಿರಿ.

ಸ್ವಿಮ್‌ಅಪ್ ಮಾಡಿದೆ, ಮೇಲೆ ಏನೂ ಬರಲಿಲ್ಲ

ಸ್ವಿಮ್‌ಅಪ್‌ನಲ್ಲಿ 1 ಮಿ.ಲೀ. ವೀರ್ಯ, ಅದರ ಮೇಲೆ 1.2 ಮಿ.ಲೀ. ಮೀಡಿಯಂ. ಟ್ಯೂಬನ್ನು 45 ಡಿಗ್ರಿ ಓರೆ ಇಟ್ಟು 37 ಡಿಗ್ರಿಯಲ್ಲಿ ಒಂದು ಗಂಟೆ. ಆಮೇಲೆ ಮೇಲಿನ 1 ಮಿ.ಲೀ. ತೆಗೆಯೋದು. ಇಲ್ಲಿ ಕೆಲಸ ಮಾಡೋದು ವೀರ್ಯಾಣುವೇ, ಸೆಂಟ್ರಿಫ್ಯೂಜ್ ಅಲ್ಲ. ಹಾಗಾಗಿ ಈಜುವವು ಕಡಿಮೆ ಇದ್ದರೆ ಸ್ವಿಮ್‌ಅಪ್ ಆಯ್ಕೆಯೇ ತಪ್ಪು, ಗ್ರೇಡಿಯೆಂಟ್‌ಗೆ ಹೋಗಿ.

ಮೊದಲ ಸ್ಯಾಂಪಲ್ ಒಳ್ಳೆಯದಿದ್ದೂ ಬರದಿದ್ದರೆ ಮೂರು ಕಡೆ ನೋಡಿ. ಟ್ಯೂಬ್ ನೆಟ್ಟಗೆ ನಿಲ್ಲಿಸಿದ್ದರಾ? ಓರೆ ಇಡೋದು ಎರಡು ದ್ರವ ಸೇರುವ ಜಾಗ ಅಗಲ ಆಗಲಿ ಅಂತ. ಮೀಡಿಯಂ ಬೆಚ್ಚಗಿತ್ತಾ? ಪದರ ಹಾಕುವಾಗ ಬೆರೆತು ಹೋಯಿತಾ? ಬೆರೆತಿದ್ದರೆ ಮೇಲಿನ ದ್ರವ ಮಬ್ಬಾಗಿ, ಕಸದ ಜೊತೆ ಬರುತ್ತದೆ. ಇನ್‌ಕ್ಯುಬೇಟರ್‌ನಿಂದ ತೆಗೆದ ಮೇಲೆ ಟ್ಯೂಬನ್ನು ನಿಧಾನವಾಗಿ ನೆಟ್ಟಗೆ ಮಾಡಿ, ಅಲುಗಿಸಬೇಡಿ.

ಸಮಯ ಉಳಿಸೋಕೆ ಅಂತ ಹಸಿ ವೀರ್ಯವನ್ನು ಜೋರಾಗಿ ತಿರುಗಿಸಿ, ಪೆಲೆಟ್ ಮಾಡಿ, ಅದರ ಮೇಲೆ ಮೀಡಿಯಂ ಹಾಕಿ ಸ್ವಿಮ್‌ಅಪ್ ಮಾಡೋದು ಹಳೆಯ ರೂಢಿ. ಜಾನ್ ಏಟ್ಕನ್ ಮತ್ತು ಕ್ಲಾರ್ಕ್‌ಸನ್ 1988ರಲ್ಲೇ ಇದರ ತೊಂದರೆ ತೋರಿಸಿದ್ದರು. ಸತ್ತವು, ಬಿಳಿ ರಕ್ತಕಣ, ಒಳ್ಳೆಯವು ಎಲ್ಲ ಒತ್ತಾಗಿ ಒಂದೇ ಪೆಲೆಟ್‌ನಲ್ಲಿ ಸೇರಿದಾಗ ಕೆಟ್ಟ ಆಕ್ಸಿಜನ್ ಕಣಗಳು ಹುಟ್ಟಿ ಒಳ್ಳೆಯ ವೀರ್ಯಾಣುಗಳನ್ನೂ ಹಾಳು ಮಾಡುತ್ತವೆ. ಬಿಳಿ ರಕ್ತಕಣ ಮಿ.ಲೀ.ಗೆ 1 ಮಿಲಿಯನ್ ದಾಟಿದ ಸ್ಯಾಂಪಲ್‌ನಲ್ಲಿ ಈ ದಾರಿ ಹಿಡಿಯಲೇಬೇಡಿ.

ತೊಳೆದಾಗ ಚೆನ್ನಾಗಿದ್ದವು, ಒಂದು ಗಂಟೆಗೆ ನಿಂತುಹೋದವು

ಇದು ನಿಜಕ್ಕೂ ತಲೆ ತಿನ್ನುವ ದೋಷ. ಮೊದಲು ಇಯೋಸಿನ್ ಅನ್ನುವ ಬಣ್ಣ ಹಾಕಿ ನೋಡಿ. ಕೆಂಪಾದವು ಸತ್ತಿವೆ. ಬಣ್ಣ ಹಿಡಿಯದೆ ಸುಮ್ನೆ ನಿಂತವು ಬದುಕಿವೆ. ಬದುಕಿದ್ದೂ ಅಲುಗದಿದ್ದರೆ ಹೊಸ, ಬೆಚ್ಚಗಿನ ಮೀಡಿಯಂ ಹಾಕಿ 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತಿಡಿ. ಮತ್ತೆ ಈಜೋಕೆ ಶುರು ಮಾಡಿದರೆ ದೋಷ ಪಿಎಚ್ ಅಥವಾ ಚಳಿಯದು. ಸತ್ತೇ ಹೋಗಿದ್ದರೆ ವಿಷ, ಕುದಿ ಬಿಸಿ, ಇಲ್ಲವೇ ಮೇಲೆ ಹೇಳಿದ ಆಕ್ಸಿಜನ್ ಕಣಗಳ ಮೇಲೆ ಅನುಮಾನ ಪಡಿ.

ಪಿಎಚ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೀಡಿಯಂನಲ್ಲಿ ಎರಡು ಜಾತಿ. ಬೈಕಾರ್ಬನೇಟ್ ಇರುವುದಕ್ಕೆ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್ ಬೇಕು, ಮುಚ್ಚಳ ಸಡಿಲ ಇರಬೇಕು. ಹೆಪೆಸ್ (ಪಿಎಚ್ ಕಾಯುವ ಇನ್ನೊಂದು ರಾಸಾಯನಿಕ) ಇರುವುದನ್ನು ಹೊರಗಿನ ಗಾಳಿಯಲ್ಲಿ, ಮುಚ್ಚಳ ಬಿಗಿ ಮಾಡಿ ಇಡಬೇಕು. ಅದಲು ಬದಲಾದರೆ ಎರಡೂ ಕೆಡುತ್ತವೆ. ಬೈಕಾರ್ಬನೇಟ್ ಮೀಡಿಯಂ ಹೊರಗೆ ಕೂತರೆ ಪಿಎಚ್ ಏರುತ್ತದೆ. ಫಿನಾಲ್ ರೆಡ್ ಇದ್ದರೆ ಬಣ್ಣ ಗುಲಾಬಿಯಿಂದ ನೇರಳೆ ಕಡೆ ಹೋಗುತ್ತದೆ. ಹೆಪೆಸ್ ಮೀಡಿಯಂ ಗ್ಯಾಸ್ ಇನ್‌ಕ್ಯುಬೇಟರ್‌ನಲ್ಲಿ ಸಡಿಲ ಮುಚ್ಚಳದಲ್ಲಿ ಕೂತರೆ ಹುಳಿಯಾಗಿ ಹಳದಿಗೆ ತಿರುಗುತ್ತದೆ. ಟ್ಯೂಬನ್ನು ಬಿಳಿ ಹಾಳೆ ಎದುರು ಹಿಡಿದು ಬಣ್ಣ ನೋಡುವ ಅಭ್ಯಾಸ ಎಲ್ಲರಿಗೂ ಇರಲಿ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕರಾವಳಿಯ ಒತ್ತಡದ ಸುಮಾರು 90 ಪರ್ಸೆಂಟ್ ಮಾತ್ರ. ಇನ್‌ಕ್ಯುಬೇಟರ್ ಡಿಸ್‌ಪ್ಲೇ 5 ಪರ್ಸೆಂಟ್ ತೋರಿಸಿದರೂ ಮೀಡಿಯಂಗೆ ಸಿಗೋದು ಮಂಗಳೂರಿನ ನಾಲ್ಕೂವರೆಯಷ್ಟು. ಪಿಎಚ್ ಮೇಲೇ ನಿಲ್ಲುತ್ತದೆ. ಮಂಗಳೂರಿನ ಲ್ಯಾಬ್‌ನಿಂದ ಸೆಟ್ಟಿಂಗ್ ಕೇಳಿಕೊಂಡು ಇಲ್ಲಿ ಹಾಗೇ ಇಟ್ಟರೆ ಆಗಲ್ಲ. ಸುಮಾರು ಐದೂವರೆಯಿಂದ ಶುರು ಮಾಡಿ, ಮೀಡಿಯಂ ರಾತ್ರಿಯಿಡೀ ಕೂತ ಮೇಲೆ ಪಿಎಚ್ ಅಳೆದು, ಕಂಪನಿ ಹೇಳಿದ ಮಟ್ಟಕ್ಕೆ ಬರುವವರೆಗೆ ಸರಿಪಡಿಸಿ. ಮಡಿಕೇರಿಯಲ್ಲಾದರೆ ಇನ್ನೂ ಜಾಸ್ತಿ ಬೇಕು. ಪಿಎಚ್ ನಂಬಿ, ಡಿಸ್‌ಪ್ಲೇ ನಂಬಬೇಡಿ.

ಪಿಎಚ್ ಸರಿ ಇದ್ದೂ ಸಾಯುತ್ತಿದ್ದರೆ ಮುಟ್ಟಿದ ಪ್ಲಾಸ್ಟಿಕ್ಕನ್ನೆಲ್ಲ ಅನುಮಾನಿಸಿ. ಹೊಸ ಬ್ಯಾಚ್ ಡಬ್ಬಿ ಬಂತಾ? ರಬ್ಬರ್ ತುದಿಯ ಸಿರಿಂಜಿನಲ್ಲಿ ಸ್ಯಾಂಪಲ್ ಎಳೆದಿಟ್ಟಿದ್ದರಾ? ಲೇಟೆಕ್ಸ್ ಗ್ಲೌಸ್‌ನ ಪುಡಿ ಬಿತ್ತಾ? ಪಕ್ಕದಲ್ಲಿ ಸ್ಪಿರಿಟ್ ಹಾಕಿ ಟೇಬಲ್ ಒರೆಸುತ್ತಿದ್ದರಾ? ಹುಡುಕುವ ದಾರಿ ಸರಳ. ಎಣಿಕೆ, ಮೊಟಿಲಿಟಿ ಎರಡೂ ಚೆನ್ನಾಗಿರುವ ಒಂದು ಸ್ಯಾಂಪಲ್ಲನ್ನು ಎರಡು ಪಾಲು ಮಾಡಿ. ಒಂದು ಪಾಲು ಹಳೆಯ, ನಂಬಿಕೆಯ ಡಬ್ಬಿಯಲ್ಲಿ, ಇನ್ನೊಂದು ಅನುಮಾನದ ಡಬ್ಬಿಯಲ್ಲಿ. ಗಂಟೆಗೊಮ್ಮೆ ನಾಲ್ಕು ಗಂಟೆವರೆಗೆ ಮೊಟಿಲಿಟಿ ನೋಡಿ. ಒಂದೇ ಸ್ಯಾಂಪಲ್ ನೋಡಿ ತೀರ್ಮಾನ ಮಾಡಬೇಡಿ, ಬೇರೆ ಬೇರೆ ಜನರ ಕೆಲವು ಸ್ಯಾಂಪಲ್‌ನಲ್ಲಿ ಇದೇ ಫಲ ಬರಬೇಕು. ಹೊಸ ಮೀಡಿಯಂ ಬ್ಯಾಚನ್ನೂ ಹೀಗೇ, ಆದರೆ ತೊಳೆದ ವೀರ್ಯಾಣು ಹಾಕಿ ಮಾರನೇ ದಿನದವರೆಗೆ ನೋಡೋದು ಒಳ್ಳೆಯದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಡಬ್ಬಿ, ಮೀಡಿಯಂ, ಟ್ಯೂಬ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋಯಿತು ಅಂದರೆ ಯಾವುದರಿಂದ ಸರಿಹೋಯಿತು ಅಂತ ಹೇಳೋಕೆ ಆಗಲ್ಲ, ಅಲ್ವಾ?

ಸತ್ತಂತೆ ಕಾಣುವ ಇನ್ನೊಂದು ಮೋಸ ಇದೆ. ಸ್ಲೈಡ್ ಮೇಲೆ ವೀರ್ಯಾಣುವಿನ ತಲೆ ಗಾಜಿಗೆ ಅಂಟಿಕೊಂಡು ಬಾಲ ಮಾತ್ರ ಪಟಪಟ ಬಡಿಯುತ್ತಿರುತ್ತದೆ. ಇದು ಮೀಡಿಯಂನಲ್ಲಿ ಪ್ರೊಟೀನ್ ಇಲ್ಲದ ಲಕ್ಷಣ. ಆಲ್ಬುಮಿನ್ ಬೆರೆಸದ ಬಾಟಲಿ ಕೈಗೆ ಬಂದಿದೆ. ಆಲ್ಬುಮಿನ್ ಇರುವ ಮೀಡಿಯಂನಲ್ಲಿ ಮತ್ತೊಮ್ಮೆ ವಾಶ್ ಮಾಡಿದರೆ ಸರಿಹೋಗುತ್ತದೆ. ವೀರ್ಯಾಣು ಗಾಜಿಗಲ್ಲ, ಒಂದಕ್ಕೊಂದು ಅಂಟಿ ಗುಂಪು ಗುಂಪಾಗಿ ತಿರುಗುತ್ತಿದ್ದರೆ ಅದು ಬೇರೆ. ತೊಳೆಯುವ ಮೊದಲೂ ಹಾಗೇ ಇತ್ತಾ ಅಂತ ಫಾರಂ ನೋಡಿ. ಇದ್ದರೆ ಆಂಟಿಬಾಡಿ ಇರಬಹುದು. ಮುಂದಿನ ಸಲ ಸ್ಯಾಂಪಲ್ಲನ್ನು ನೇರವಾಗಿ ಮೀಡಿಯಂ ಇರುವ ಡಬ್ಬಿಗೇ ಹಿಡಿಸಿ, ಬೇಗ ತೊಳೆಯಬೇಕು.

ಲ್ಯಾಬ್ ಬಾಗಿಲಿಗೆ ಬರುವ ಮುಂಚೆ

ಪದರಗಳಲ್ಲಿ ಎಲ್ಲೂ ವೀರ್ಯಾಣು ಕಡಿಮೆ, ಮೊದಲ ಎಣಿಕೆಯೇ ಹಳೆಯ ರಿಪೋರ್ಟಿಗಿಂತ ಬಹಳ ಕೆಳಗೆ ಇದೆ ಅಂದರೆ ಕೇಳಬೇಕಾದ್ದು ಪೇಶಂಟನ್ನು. ಎಲ್ಲರ ಎದುರು ಕೌಂಟರ್‌ನಲ್ಲಿ ಕೇಳಬೇಡಿ. ಪಕ್ಕಕ್ಕೆ ಕರೆದು, "ಸರ್, ಬೇಜಾರು ಮಾಡ್ಕೋಬೇಡಿ, ಮೊದಲು ಬಂದಿದ್ದು ಸ್ವಲ್ಪ ಹೊರಗೆ ಚೆಲ್ಲಿತಾ?" ಅಂತ ಕೇಳಿದರೆ ಸಾಕು. ಮೊದಲ ಭಾಗದಲ್ಲೇ ವೀರ್ಯಾಣು ಜಾಸ್ತಿ ಇರೋದು. ಅದು ಹೋದರೆ ಪ್ರಮಾಣ ಸ್ವಲ್ಪವೇ ಕಡಿಮೆಯಾದರೂ ಎಣಿಕೆ ಬಿದ್ದುಹೋಗುತ್ತದೆ. ನಾಚಿಕೆಗೆ ಹೇಳದೆ ಇರೋರೇ ಜಾಸ್ತಿ. ಎಣ್ಣೆ, ಕ್ರೀಮ್, ಎಂಜಲು, ಮಾಮೂಲಿ ಕಾಂಡೋಮ್ ಬಳಸಿದರಾ ಅಂತಲೂ ಕೇಳಿ, ಇವೆಲ್ಲ ವೀರ್ಯಾಣುಗೆ ಆಗಿಬರಲ್ಲ. ಎಷ್ಟು ದಿನದ ಅಂತರ ಅಂತ ಕೇಳಿ, 2ರಿಂದ 7 ದಿನ ಇರಬೇಕು.

ಮನೆಯಿಂದ ತಂದಿದ್ದರೆ ಹೇಗೆ ತಂದರು ಅನ್ನೋದೂ ಮುಖ್ಯ. ರಕ್ತದ ಸ್ಯಾಂಪಲ್ ಥರ ಅಂದುಕೊಂಡು ಐಸ್ ಪ್ಯಾಕಿನಲ್ಲಿ ತರುವವರಿದ್ದಾರೆ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿಟ್ಟು ತರುವವರೂ ಇದ್ದಾರೆ. ಎರಡೂ ತಪ್ಪು. 20ರಿಂದ 37 ಡಿಗ್ರಿ ನಡುವೆ, ಅಂಗಿಯ ಒಳಗೆ ಮೈಗೆ ತಾಗುವ ಹಾಗೆ ಇಟ್ಟುಕೊಂಡು, ಒಂದು ಗಂಟೆಯೊಳಗೆ ತಲುಪಿಸಬೇಕು. ಇದನ್ನು ಡಬ್ಬಿ ಕೊಡುವಾಗಲೇ ಕನ್ನಡದಲ್ಲಿ ಬರೆದ ಚೀಟಿ ಕೊಟ್ಟು ಹೇಳಿ.

ಅವತ್ತಿನ ಪೇಶಂಟ್‌ಗೆ ಏನು ಮಾಡೋದು

ಕಾರಣ ಹುಡುಕೋದು ಆಮೇಲೆ. ಹೊರಗೆ ಹೆಂಡತಿ ಐಯುಐಗೆ ಕಾಯುತ್ತಿದ್ದಾರೆ. ಪದರಗಳನ್ನು ಇಟ್ಟುಕೊಂಡಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತವೆ. ನಡುವಿನ ಗೆರೆಯಲ್ಲಿ ಈಜುವವು ಸಿಕ್ಕರೆ ಆ ಪದರ ತೆಗೆದು, 5 ಮಿ.ಲೀ. ಮೀಡಿಯಂ ಸೇರಿಸಿ ವಾಶ್ ಮಾಡಿ. ಅದರಲ್ಲಿ ಸತ್ತವೂ ಇರುವುದರಿಂದ, ಸಮಯ ಇದ್ದರೆ ಅದರ ಮೇಲೆ ಚಿಕ್ಕ ಸ್ವಿಮ್‌ಅಪ್ ಮಾಡಿ. ವಾಶ್ ನೀರಿನಲ್ಲಿ ಹೋಗಿದ್ದರೆ ಇನ್ನೂ ಸುಲಭ, ಅದನ್ನೇ 300 ಜಿಯಲ್ಲಿ 5 ನಿಮಿಷ ಮತ್ತೆ ತಿರುಗಿಸಿ. ಡಬ್ಬಿಯಲ್ಲಿ ಬಳಸದ ವೀರ್ಯ ಉಳಿದಿದ್ದರೆ ಸರಿಯಾದ ಜಿ ಇಟ್ಟು ಹೊಸ ಗ್ರೇಡಿಯೆಂಟ್ ಹಾಕಿ. ಅದೂ ಇಲ್ಲವಾದರೆ ಒಂದೆರಡು ಗಂಟೆ ಬಿಟ್ಟು ಎರಡನೇ ಸ್ಯಾಂಪಲ್ ಕೇಳಬಹುದು. ಕೆಲವರಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಚುರುಕಾಗಿರುತ್ತದೆ.

ಡಾಕ್ಟರ್‌ಗೆ ಹೇಳುವಾಗ "ಸ್ವಲ್ಪ ಕಡಿಮೆ ಬಂತು" ಅಂತ ಹೇಳಬೇಡಿ. ಈಜುವವು ಒಟ್ಟು ಎಷ್ಟು ಮಿಲಿಯನ್, ಎಷ್ಟು ಮಿ.ಲೀ.ನಲ್ಲಿ, ಯಾವ ಪದರದಿಂದ ತೆಗೆದದ್ದು ಅಂತ ಹೇಳಿ. ಅವತ್ತು ಐಯುಐ ಮುಂದುವರಿಸೋದಾ, ನಿಲ್ಲಿಸೋದಾ, ಐವಿಎಫ್ ಕೇಸಾದರೆ ಇಕ್ಸಿಗೆ (ಒಂದು ವೀರ್ಯಾಣುವನ್ನು ನೇರ ಅಂಡಾಣುವಿನೊಳಗೆ ಚುಚ್ಚುವ ವಿಧಾನ) ಬದಲಿಸೋದಾ ಅನ್ನೋದು ಅವರು ಮತ್ತು ದಂಪತಿ ಸೇರಿ ಮಾಡುವ ತೀರ್ಮಾನ. ಹೆಂಡತಿಯನ್ನು ಟೇಬಲ್ ಮೇಲೆ ಮಲಗಿಸುವ ಮುಂಚೆಯೇ ಈ ಫೋನ್ ಹೋಗಬೇಕು.